ಹೊಗೆಯಿಲ್ಲದ ಬಂಡಿಯೂ ಹೊಣೆಯಿಲ್ಲದ ಮಾತೂ

ಹೊಗೆಯುಗುಳದ ವಾಹನವನ್ನು ಕಟ್ಟಲು ಹೊರಟವನಿಗೆ ಹಣ ಕೊಡುವುದೇ ಒಂದು ಪುಣ್ಯಕಾರ್ಯವೆಂಬ ಭಾವನೆ ಈಚಿನ ವರ್ಷಗಳಲ್ಲಿ ವಿದ್ಯಾವಂತರ ನಡುವೆ ಬೇರೂರಿದೆ. ಅಂತಹ ಉದ್ಯಮ ಮುಳುಗಿಹೋದಾಗಲೂ “ಉದ್ದೇಶ ಒಳ್ಳೆಯದಿತ್ತು, ಕಾಲ ಕೂಡಿಬರಲಿಲ್ಲ” ಎಂಬ ಸಮಾಧಾನದ ಮಾತು ಸಿದ್ಧವಾಗಿರುತ್ತದೆ. ಇಂಗ್ಲೆಂಡಿನ ಅರೈವಲ್ ಎಂಬ ಕಂಪೆನಿಯ ಕಥೆಯನ್ನು ಈ ಮಾತಿನಿಂದ ಮುಚ್ಚಿಬಿಡುವುದು ಸಲ್ಲದು. ಅಲ್ಲಿ ಕೆಟ್ಟದ್ದು ಕಾಲವಲ್ಲ, ಆಡಿದ ಮಾತು.

ರಷ್ಯಾದಲ್ಲಿ ದೂರಸಂಪರ್ಕ ಉದ್ಯಮಿಯಾಗಿ, ಅಲ್ಲಿನ ಸರ್ಕಾರದಲ್ಲಿ ಸಂಪರ್ಕ ಖಾತೆಯ ಉಪಮಂತ್ರಿಯೂ ಆಗಿದ್ದ ಡೆನಿಸ್ ಸ್ವೆರ್ಡ್‌ಲೋವ್ 2015ರಲ್ಲಿ ಈ ಕಂಪೆನಿಯನ್ನು ಸ್ಥಾಪಿಸಿದರು. ಮನೆಮನೆಗೆ ಸರಕು ತಲಪಿಸುವ ವಿದ್ಯುತ್ ವ್ಯಾನುಗಳನ್ನು ತಯಾರಿಸುವುದು ಅದರ ಮುಖ್ಯ ಗುರಿ. ಗುರಿಯಲ್ಲಿ ದೋಷ ಹುಡುಕುವಂತಿಲ್ಲ. ಹಂಚಿಕೆಯ ವ್ಯಾನು ದಿನವೂ ಹೆಚ್ಚುಕಡಿಮೆ ಗೊತ್ತಾದ ದಾರಿಯಲ್ಲೇ ಓಡುತ್ತದೆ, ಬಾಗಿಲು ಬಾಗಿಲಿಗೆ ನಿಲ್ಲುತ್ತದೆ, ರಾತ್ರಿ ಒಂದೇ ಅಂಗಳಕ್ಕೆ ಮರಳುತ್ತದೆ. ಬ್ಯಾಟರಿ ತುಂಬಿಸಲು ಇದಕ್ಕಿಂತ ಅನುಕೂಲವಾದ ವಾಹನ ಬೇರೊಂದಿಲ್ಲ. ಡೀಸೆಲ್ ಹೊಗೆಯಿಂದ ನಗರಗಳ ಮಕ್ಕಳೂ ವೃದ್ಧರೂ ಪಡುವ ಬವಣೆಯನ್ನು ಬಲ್ಲವರು ಇಂತಹ ಪ್ರಯತ್ನವನ್ನು ಮೆಚ್ಚಿದ್ದು ಸಹಜ. 2020ರ ಜನವರಿಯಲ್ಲಿ ಹ್ಯುಂಡೈ ಮತ್ತು ಕಿಯಾ ಕಂಪೆನಿಗಳು ಒಟ್ಟಾಗಿ 10 ಕೋಟಿ ಯೂರೋ ಹೂಡಿದವು. ಅದೇ ತಿಂಗಳು ಅಮೆರಿಕದ ಸರಕು ಸಾಗಣೆ ಸಂಸ್ಥೆ ಯುಪಿಎಸ್ 10,000 ವ್ಯಾನುಗಳಿಗೆ ಬೇಡಿಕೆ ಸಲ್ಲಿಸಿತು. ಆ ಬೇಡಿಕೆ ಷರತ್ತುಗಳಿಗೆ ಒಳಪಟ್ಟದ್ದಾಗಿತ್ತೆಂಬುದನ್ನು ಹೊಗಳಿಕೆಯ ಭರದಲ್ಲಿ ಹಲವರು ಗಮನಿಸಲಿಲ್ಲ.

ಕಂಪೆನಿ ಜಗತ್ತಿನ ಮುಂದಿಟ್ಟ ಆಕರ್ಷಣೆ ವ್ಯಾನಿಗಿಂತಲೂ ಅದರ ಕಾರ್ಖಾನೆ. ಮೋಟಾರು ವಾಹನದ ಕಾರ್ಖಾನೆಯೆಂದರೆ ಉಕ್ಕಿನ ಹಾಳೆಗಳನ್ನು ಅಚ್ಚೊತ್ತುವ ದೈತ್ಯ ಯಂತ್ರಗಳು, ಬಣ್ಣ ಹಾಕುವ ವಿಶಾಲ ಶಾಲೆ, ಉದ್ದಾನುದ್ದದ ಜೋಡಣೆಯ ಸಾಲು. ಇವೆಲ್ಲ ಬೇಡ, ಸಾಧಾರಣ ಗೋದಾಮಿನಷ್ಟು ಸ್ಥಳ ಸಾಕು ಎಂದಿತು ಅರೈವಲ್. ಅಲ್ಲಿ ಗುಂಪುಗುಂಪಾಗಿ ನಿಂತ ಯಂತ್ರಮಾನವರು ವ್ಯಾನನ್ನು ಜೋಡಿಸುತ್ತವೆ. ಮೈಗವಸು ಉಕ್ಕಿನದಲ್ಲ, ಬಣ್ಣ ಬೆರೆಸಿಯೇ ತಯಾರಿಸಿದ ಪ್ಲಾಸ್ಟಿಕ್ ಮಿಶ್ರವಸ್ತುವಿನದು. ಸುಮಾರು 5 ಕೋಟಿ ಡಾಲರ್ ವೆಚ್ಚದ ಇಂತಹ ಒಂದೊಂದು ಕಿರುಕಾರ್ಖಾನೆ ವರ್ಷಕ್ಕೆ 10,000 ವ್ಯಾನುಗಳನ್ನು ಹೊರತರುವುದೆಂದು ಲೆಕ್ಕ ತೋರಿಸಲಾಯಿತು. ಆದರೆ ಆ ಲೆಕ್ಕವನ್ನು ನಿಜಮಾಡಿ ತೋರಿಸಿದ ಒಂದು ಕಾರ್ಖಾನೆಯೂ ಎಲ್ಲಿಯೂ ಇರಲಿಲ್ಲ. ಇಂಗ್ಲೆಂಡಿನ ಬಿಸ್ಟರ್‌ನಲ್ಲಿ ಮೊದಲನೆಯದು ನಡೆಯುವ ಮುನ್ನವೇ ಅಮೆರಿಕದ ರಾಕ್ ಹಿಲ್ ಮತ್ತು ಶಾರ್ಲಟ್ ನಗರಗಳಲ್ಲಿ ಮುಂದಿನವುಗಳ ಘೋಷಣೆಯಾಯಿತು. ವ್ಯಾನಿನ ಜೊತೆಗೆ ಬಸ್ಸು, ಬಸ್ಸಿನ ಜೊತೆಗೆ ಬಾಡಿಗೆ ಕಾರು. ಒಂದು ತೊಟ್ಟಿಲು ತೂಗುವ ಮೊದಲೇ ಮೂರು ನಾಮಕರಣ!

ಇಷ್ಟಕ್ಕೆ ನಿಂತಿದ್ದರೆ ಅತಿಯಾಸೆ ಎಂದು ಸುಮ್ಮನಾಗಬಹುದಿತ್ತು. 2021ರ ಮಾರ್ಚಿನಲ್ಲಿ ಅರೈವಲ್ ಅಮೆರಿಕದ ನಾಸ್ಡಾಕ್ ಷೇರುಪೇಟೆಯನ್ನು ಪ್ರವೇಶಿಸಿತು. ಪ್ರವೇಶಿಸಿದ ಬಗೆಯನ್ನು ನೋಡಬೇಕು. ಯಾವ ವ್ಯಾಪಾರವೂ ಇಲ್ಲದ ಒಂದು ಖಾಲಿ ಕಂಪೆನಿ ಮೊದಲು ಷೇರುಪೇಟೆಯಲ್ಲಿ ಹಣ ಕೂಡಿಸಿಟ್ಟುಕೊಳ್ಳುತ್ತದೆ. ಬಳಿಕ ವ್ಯಾಪಾರವುಳ್ಳ ಮತ್ತೊಂದು ಕಂಪೆನಿ ಅದರೊಡನೆ ವಿಲೀನಗೊಳ್ಳುತ್ತದೆ. ನೇರವಾಗಿ ಷೇರು ಬಿಡುಗಡೆ ಮಾಡುವವರು ಮುಂದಿನ ವರ್ಷಗಳ ಆದಾಯದ ಕನಸು ಕಾಣಿಸಲು ಹೆದರುತ್ತಿದ್ದರು, ಏಕೆಂದರೆ ತಪ್ಪಿದ ಮಾತಿಗೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಗುತ್ತಿತ್ತು. ವಿಲೀನದ ದಾರಿಯಲ್ಲಿ ಆ ಭಯ ಕಡಿಮೆಯೆಂದು ಆಗ ಭಾವಿಸಲಾಗಿತ್ತು. ಹಾಗಾಗಿ ಒಂದು ವ್ಯಾನನ್ನೂ ಮಾರಿರದ ಕಂಪೆನಿ, 2024ರ ವೇಳೆಗೆ ತನ್ನ ವಾರ್ಷಿಕ ಆದಾಯ ಸುಮಾರು 1,400 ಕೋಟಿ ಡಾಲರ್ ಆಗುವುದೆಂದು ಹೂಡಿಕೆದಾರರಿಗೆ ತಿಳಿಸಿತು. ಷೇರುಪೇಟೆ ಅದನ್ನು ನಂಬಿ ಕಂಪೆನಿಗೆ ಸುಮಾರು 1,300 ಕೋಟಿ ಡಾಲರ್ ಬೆಲೆ ಕಟ್ಟಿತು. ಬರಲಿರುವುದನ್ನು ಬಂದದ್ದೆಂದು ಜಮಾ ಬರೆಯುವ ಲೆಕ್ಕಿಗನನ್ನು ಯಾವ ಬಸದಿಯ ಆಡಳಿತ ಮಂಡಳಿಯೂ ಒಂದು ದಿನ ಉಳಿಸಿಕೊಳ್ಳದು. ಅಲ್ಲಿ ಮಾತ್ರ ಅದು ದೂರದೃಷ್ಟಿಯೆನಿಸಿತು. ಅದು ಕಾನೂನಿನ ಕಣ್ಣಿಗೆ ವಂಚನೆಯಾಗದಿರಬಹುದು. ಆದರೆ ತಾನು ಕಂಡಿರದುದನ್ನು ಕಂಡಂತೆ ಅಂಕಿಗಳಲ್ಲಿ ಹೇಳಿ ಪರರ ಹಣ ಪಡೆಯುವುದು ಸತ್ಯವಚನವೆಂದು ಯಾರು ಹೇಳಿಯಾರು?

ಅದೇ ವರ್ಷದ ನವೆಂಬರಿನಲ್ಲಿ ಕಂಪೆನಿ ತನ್ನ ದೀರ್ಘಾವಧಿಯ ಅಂದಾಜುಗಳನ್ನು ಹಿಂತೆಗೆದುಕೊಂಡಿತು. ಹಣ ಮಾತ್ರ ಅಷ್ಟರಲ್ಲಿ ಕೈಸೇರಿತ್ತು. 2022ರಲ್ಲಿ ಬಸ್ಸೂ ಕಾರೂ ಬದಿಗೆ ಸರಿದವು. ಸೆಪ್ಟೆಂಬರಿನ ಕೊನೆಗೆ ಬಿಸ್ಟರ್‌ನ ಕಾರ್ಖಾನೆಯಿಂದ ಮೊದಲ ಪರೀಕ್ಷಾ ವ್ಯಾನು ಹೊರಬಂದಿತು. ಮರುತಿಂಗಳೇ ಬ್ರಿಟನ್ನಿನ ಬದಲು ಅಮೆರಿಕದ ಮಾರುಕಟ್ಟೆಗೆ ಗಮನ ಹರಿಸುವುದಾಗಿ ಪ್ರಕಟಣೆ ಹೊರಟಿತು. ಅಮೆರಿಕ ಸರ್ಕಾರ ವಿದ್ಯುತ್ ವಾಹನಗಳಿಗೆ ಹೊಸದಾಗಿ ತೆರಿಗೆ ರಿಯಾಯಿತಿ ಘೋಷಿಸಿದ್ದೇ ಕಾರಣ. 2023ರ ಜನವರಿಯಲ್ಲಿ ನೌಕರರ ಸಂಖ್ಯೆಯನ್ನು ಅರ್ಧಕ್ಕಿಳಿಸಿ ಸುಮಾರು 800ಕ್ಕೆ ತರಲಾಯಿತು. 2024ರ ಜನವರಿಯಲ್ಲಿ ನಾಸ್ಡಾಕ್ ಕಂಪೆನಿಯನ್ನು ಪಟ್ಟಿಯಿಂದ ಕೈಬಿಟ್ಟಿತು. ಫೆಬ್ರವರಿಯಲ್ಲಿ ಬ್ರಿಟನ್ನಿನ ಅದರ ವ್ಯವಹಾರ ದಿವಾಳಿ ಆಡಳಿತಾಧಿಕಾರಿಗಳ ವಶವಾಯಿತು. ವಿಲೀನದ ದಾರಿಯಲ್ಲಿ ಇಂತಹ ಭವಿಷ್ಯವಾಣಿಗಳಿಗಿದ್ದ ರಕ್ಷಣೆಯನ್ನು ತೆಗೆದುಹಾಕುವ ನಿಯಮವನ್ನು ಅಮೆರಿಕದ ಷೇರು ನಿಯಂತ್ರಣ ಆಯೋಗ ಅಂಗೀಕರಿಸಿದ್ದೂ ಅದೇ ಜನವರಿಯಲ್ಲಿ.

ಬಡ್ಡಿದರ ಏರಿತು, ಬಿಡಿಭಾಗಗಳು ಸಿಗಲಿಲ್ಲ, ಹೊಸ ಹೂಡಿಕೆದಾರರು ಹಿಂಜರಿದರು ಎಂದು ಸಮರ್ಥಿಸುವವರಿದ್ದಾರೆ. ಆ ತೊಂದರೆ ಎಲ್ಲರಿಗೂ ಇತ್ತು. ಫೋರ್ಡ್ ಕಂಪೆನಿ ತಾನು ಬಹುಕಾಲದಿಂದ ಮಾರುತ್ತಿದ್ದ ಟ್ರಾನ್ಸಿಟ್ ವ್ಯಾನಿನ ವಿದ್ಯುತ್ ರೂಪವನ್ನು ಅದೇ 2022ರಲ್ಲಿ ಗಿರಾಕಿಗಳಿಗೆ ಒಪ್ಪಿಸತೊಡಗಿತು. ಅದರಲ್ಲಿ ಅದ್ಭುತವೇನೂ ಇರಲಿಲ್ಲ, ವ್ಯಾನು ಇತ್ತು. ಜರ್ಮನಿಯ ಆಖೆನ್ ನಗರದಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು 2010ರಲ್ಲಿ ಆರಂಭಿಸಿದ ಸ್ಟ್ರೀಟ್‌ಸ್ಕೂಟರ್ ಇನ್ನೂ ಒಳ್ಳೆಯ ನಿದರ್ಶನ. ಅಂಚೆ ಹಂಚಲು ತಕ್ಕ ವಾಹನ ಬೇಕಾಗಿದ್ದ ಡಾಯ್ಚ ಪೋಸ್ಟ್ ಸಂಸ್ಥೆ 2014ರಲ್ಲಿ ಅದನ್ನು ಕೊಂಡುಕೊಂಡಿತು. ಆ ಉದ್ಯಮವೂ ನಷ್ಟ ಅನುಭವಿಸಿತು, 2022ರಲ್ಲಿ ಪರರ ಪಾಲಾಯಿತು. ಆದರೆ ಅದು ಕಟ್ಟಿದ ಸಾವಿರಾರು ಹಳದಿ ವ್ಯಾನುಗಳಲ್ಲಿ ಜರ್ಮನಿಯ ಅಂಚೆಯವರು ಕಾಗದಪತ್ರ ಹಂಚಿದರು. ನಷ್ಟವಾದರೂ ಕೊಟ್ಟ ಮಾತಿಗೆ ವಸ್ತುವಿತ್ತು. ಅರೈವಲ್ಲಿನ ಸೋಲನ್ನು ಇದರ ಸಾಲಿನಲ್ಲಿಟ್ಟು ಗೌರವಿಸುವುದು ಆಖೆನ್ನಿನ ಶ್ರಮಕ್ಕೆ ಮಾಡುವ ಅನ್ಯಾಯ.

ಲೋಭಕ್ಕೆ ಒಂದು ದೇಹ ಬಿದ್ದರೆ ಇನ್ನೊಂದು ದೇಹ ಸಿದ್ಧ. ಅರೈವಲ್ಲಿನ ಯಂತ್ರೋಪಕರಣಗಳನ್ನು 2024ರ ಮಾರ್ಚಿನಲ್ಲಿ ಕೊಂಡದ್ದು ಕನೂ ಎಂಬ ಅಮೆರಿಕದ ವಿದ್ಯುತ್ ವ್ಯಾನ್ ಕಂಪೆನಿ. ಅದೂ ಖಾಲಿ ಕಂಪೆನಿಯ ವಿಲೀನದ ದಾರಿಯಲ್ಲೇ ಷೇರುಪೇಟೆಗೆ ಬಂದದ್ದು. ಆದಾಯದ ಅಂದಾಜುಗಳ ವಿಷಯದಲ್ಲಿ ಹೂಡಿಕೆದಾರರ ದಾರಿ ತಪ್ಪಿಸಿತೆಂಬ ಆಪಾದನೆಯ ಮೇಲೆ 2023ರಲ್ಲಿ 15 ಲಕ್ಷ ಡಾಲರ್ ದಂಡ ತೆರಲು ಅದು ಒಪ್ಪಿಕೊಂಡಿತ್ತು. ಆ ವರ್ಷ ಅದರ ಒಟ್ಟು ಆದಾಯ 8 ಲಕ್ಷ 86 ಸಾವಿರ ಡಾಲರ್. ಮುಖ್ಯಾಧಿಕಾರಿಯ ಖಾಸಗಿ ವಿಮಾನದ ಬಾಬ್ತು ಕೊಟ್ಟದ್ದು 17 ಲಕ್ಷ. 2025ರ ಜನವರಿಯಲ್ಲಿ ಕನೂ ಕೂಡ ದಿವಾಳಿ ಅರ್ಜಿ ಸಲ್ಲಿಸಿ ಬಾಗಿಲು ಮುಚ್ಚಿತು. ಅದರ ಅಳಿದುಳಿದ ಆಸ್ತಿಯನ್ನು ಸುಮಾರು 40 ಲಕ್ಷ ಡಾಲರಿಗೆ ಕೊಂಡವರು ಆ ಮುಖ್ಯಾಧಿಕಾರಿಯೇ.