ಕರಡಿಗಳು ನಗಿಸಲಿ, ನಿದ್ದೆ ಕೆಡಿಸದಿರಲಿ

“ರಾತ್ರಿ ಮಗಳು ಕಂಪ್ಯೂಟರ್ ಮುಂದೆ ಒಬ್ಬಳೇ ನಗುತ್ತಾಳೆ, ಡಾಕ್ಟ್ರೇ” ಎಂದು ಗಾಬರಿಯಾಗುವ ತಾಯಂದಿರೇ, ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ. ಅದು ಬ್ರಿಟನ್ನಿನ ಗ್ರಾಂಟ್ ಹೌವಿಟ್ 2017ರಲ್ಲಿ ಬರೆದ ‘ಹನಿ ಹೈಸ್ಟ್’ ಆಟವಿರಬಹುದು. ನಿಯಮವೆಲ್ಲ ಒಂದೇ ಪುಟ. ಆಟಗಾರರೆಲ್ಲ ಜೇನು ಕದಿಯಲು ಹೊರಟ ಕರಡಿಗಳು! ದಾಳ ಉರುಳಿಸುತ್ತಾ ಬಾಯಲ್ಲೇ ಕಥೆ ಕಟ್ಟುತ್ತಾರೆ. ಒಂದೇ ಸಲಕ್ಕೆ ಆಟ ಮುಗಿಯುತ್ತದೆ. ದೂರ ಹೋದ ಗೆಳತಿಯರೊಡನೆ ಹೀಗೆ ಹರಟಿ ನಗುವುದು ಕಾಯಿಲೆಯಲ್ಲ, ದಯವಿಟ್ಟು ಗದರಬೇಡಿ.

ನನ್ನ ತಕರಾರು ಗಡಿಯಾರದ ಬಗ್ಗೆ ಮಾತ್ರ. ಅಮೆರಿಕದಲ್ಲಿರುವ ಗೆಳತಿಗೆ ಬೆಳಗಾದಾಗ ಇಲ್ಲಿ ರಾತ್ರಿ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕು. ಆಟ ಭಾನುವಾರ ಬೆಳಿಗ್ಗೆ 7ಕ್ಕಿರಲಿ. ಅಲ್ಲಿ ಆಗಿನ್ನೂ ಶನಿವಾರ. ಕಾಫಿ ಕೊಡುವ ನೆಪದಲ್ಲಿ ನೀವೂ ಒಂದು ಕರಡಿಯಾಗಬಹುದು.