ಲೆಕ್ಕ ಕೇಳುವ ಹೆಂಗಸರು

ಸ್ತ್ರೀವಾದ ಎಂಬ ಶಬ್ದ ನಮ್ಮ ರಾಯಚೂರು ಸೀಮೆಯ ಬಹುಪಾಲು ಹೆಂಗಸರ ಕಿವಿಗೆ ಬಿದ್ದಿಲ್ಲ. ಅದಕ್ಕೆ ಹೆದರುವ ಗಂಡಸರಿಗೆ ಮಾತ್ರ ಇಲ್ಲಿ ಕೊರತೆಯಿಲ್ಲ. ತೀನ್ ಕಂದೀಲಿನ ಚಹಾದಂಗಡಿಯಲ್ಲಿ, ಮಾನ್ವಿಯ ಅಕ್ಕಿ ಗಿರಣಿಗಳ ಮುಂದೆ, ದೇವದುರ್ಗದ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತರೆ ಸಾಕು. ‘ಹೆಣ್ಮಕ್ಕಳು ಕೈ ಮೀರಿ ಹೋಗ್ಯಾರ’, ‘ಕಾಯ್ದೆ ಎಲ್ಲಾ ಅವರ ಕಡೀಗೇ ಅದಾವ’, ‘ಇನ್ನ ನಮ್ಮನ್ನ ಕೇಳೋರ್ಯಾರು’ ಎಂಬ ಮಾತುಗಳು ಬೀಡಿಯ ಹೊಗೆಯ ಜೊತೆಗೇ ಬರುತ್ತವೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಂಗಸರ ಸಾಕ್ಷರತೆ ನೂರಕ್ಕೆ 50ನ್ನೂ ಮುಟ್ಟಿರಲಿಲ್ಲ. ಅರ್ಧಕ್ಕರ್ಧ ಹೆಂಗಸರಿಗೆ ಅಕ್ಷರವೇ ದಕ್ಕದ ಊರಿನಲ್ಲಿ ಪುಸ್ತಕ ಓದಿ ಕೆಟ್ಟುಹೋದವರು ಯಾರು? ಹೆದರಿದವರಾದರೂ ಯಾವ ಪುಸ್ತಕ ಓದಿ ಹೆದರಿದರು?

ಹೆದರಿಕೆ ಪುಸ್ತಕದಿಂದ ಬಂದದ್ದಲ್ಲ, ಬಸ್ಸಿನಿಂದ ಬಂದದ್ದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣ ಕೇಳುವುದು ನಿಂತಿತು. ಆಗ ಎದ್ದ ಗೇಲಿ, ಸಿಟ್ಟು, ಹಾಡುಗಳನ್ನು ನೆನಪಿಸಿಕೊಳ್ಳಿ. ಸರ್ಕಾರದ ಬೊಕ್ಕಸಕ್ಕಾಗಿ ಕಣ್ಣೀರಿಟ್ಟವರಲ್ಲಿ ಎಷ್ಟು ಜನ ಅದಕ್ಕೆ ಮೊದಲು ಬೊಕ್ಕಸದ ಬಗ್ಗೆ ಯೋಚಿಸಿದ್ದರೋ ಕಾಣೆವು. ಸಂಗತಿ ಬೇರೆಯಿತ್ತು. ಅಲ್ಲಿಯವರೆಗೆ ದೇವದುರ್ಗದ ಹಳ್ಳಿಯೊಂದರಿಂದ ರಾಯಚೂರಿನ ತವರಿಗೆ ಹೋಗಬೇಕಾದ ಹೆಂಗಸು ಗಂಡನ ಹತ್ತಿರ ಬಸ್ ಚಾರ್ಜು ಕೇಳಬೇಕಿತ್ತು. ಚಾರ್ಜು ಕೇಳುವುದೆಂದರೆ ಇಜಾಜತ್ ಕೇಳುವುದು. ಯಾಕೆ, ಎಷ್ಟು ದಿನ, ಯಾರು ಕರೆದರು, ಹೋದ ಸಲ ಹೋದಾಗ ಏನಾಯಿತು ಎಂಬ ವಿಚಾರಣೆಯೆಲ್ಲ ಆ ನೂರು ರೂಪಾಯಿಯ ನೋಟಿಗೆ ಅಂಟಿಕೊಂಡಿತ್ತು. ನೋಟು ಬೇಡವಾದ ದಿನ ವಿಚಾರಣೆಗೂ ಕಾರಣ ಉಳಿಯಲಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿ ‘ಮನೆಯ ಯಜಮಾನಿ’ಯ ಖಾತೆಗೆ ಬರತೊಡಗಿತು. ಈ ಯಜಮಾನಿ ಎಂಬ ಶಬ್ದವನ್ನು ನೋಡಿ. ಅಲ್ಲಿಯವರೆಗೆ ಅದಕ್ಕೆ ಯಜಮಾನನ ಹೆಂಡತಿ ಎಂದಷ್ಟೇ ಅರ್ಥ. ಸರ್ಕಾರಿ ಅರ್ಜಿಯಲ್ಲಿ ಅದಕ್ಕೊಂದು ಸ್ವತಂತ್ರ ಅರ್ಥ ಬಂದುಬಿಟ್ಟಿತು. ಇನ್ನೂ ಹಿಂದೆ ಹೋದರೆ, 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತರಿ ಕಾಯ್ದೆ ಮೊದಲು ಜಾರಿಗೆ ಬಂದ ರಾಜ್ಯದ 5 ಜಿಲ್ಲೆಗಳಲ್ಲಿ ರಾಯಚೂರೂ ಒಂದಾಗಿತ್ತು. ಹತ್ತಿ ಬಿಡಿಸಲು, ಭತ್ತ ನಾಟಿ ಮಾಡಲು ಹೋದರೆ ಹೆಣ್ಣಾಳಿಗೊಂದು ಗಂಡಾಳಿಗೊಂದು ಕೂಲಿ ಎಂಬ ಊರಿನಲ್ಲಿ, ಕೆರೆಯ ಹೂಳೆತ್ತಿದ ಇಬ್ಬರಿಗೂ ಒಂದೇ ಕೂಲಿ ಎಂದು ಆ ಕಾಯ್ದೆ ಕಾಗದದ ಮೇಲೆ ಬರೆದಿತ್ತು. ಮಾನ್ವಿ ಸೀಮೆಯ ಪೋತ್ನಾಳದಲ್ಲಿ ದಲಿತ ಹೆಂಗಸರು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆಯಂಥವು ಯಾವ ಸಿದ್ಧಾಂತದ ಭಾಷಣದಿಂದಲೂ ಶುರುವಾದವಲ್ಲ. ಕೂಲಿ ಎಷ್ಟು, ಬಂದದ್ದೆಷ್ಟು, ಉಳಿದದ್ದು ಎಲ್ಲಿ ಹೋಯಿತು ಎಂಬಲ್ಲಿಂದಲೇ ಇಂಥ ಸಂಘಗಳ ಮಾತು ಶುರುವಾಗುತ್ತದೆ. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿಲೋಮೀಟರಿಗೂ ಹೆಚ್ಚು ನಡೆದ ಹೆಂಗಸರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಗಂಡನ ಕೂಲಿ ಸಂಜೆಗೆ ಎಲ್ಲಿ ಕರಗುತ್ತದೆ ಎಂಬ ಲೆಕ್ಕ ಅವರ ಕಾಲನ್ನು ಅಷ್ಟು ದೂರ ಎಳೆದಿತ್ತು.

ಹೆದರುವ ಗಂಡಸಿನ ಮೇಲೆ ನಮಗೆ ಸಿಟ್ಟಿದೆ, ಅವನ ಕಷ್ಟ ತಿಳಿಯದಷ್ಟು ಕುರುಡು ಸಿಟ್ಟಲ್ಲ. ಹತ್ತಿ ತಂದರೆ ಅಡತಿ ಅಂಗಡಿಯ ಸಾವ್ಕಾರ ಹೇಳಿದ್ದೇ ದರ. ಮಳೆ ಕೈಕೊಟ್ಟರೆ ಬೆಂಗಳೂರಿಗೋ ಪುಣೆಗೋ ಗುಳೆ, ಅಲ್ಲಿ ಮೇಸ್ತ್ರಿಯ ಬೈಗಳು, ತಗಡಿನ ಶೆಡ್ಡು. ಕಚೇರಿಗೆ ಹೋದರೆ ‘ನಾಳೆ ಬಾ’. ಮುಸಲ್ಮಾನನಾದರೆ ಬಾಡಿಗೆ ಮನೆ ಕೇಳುವಾಗ ಹೆಸರು ಹೇಳಲೂ ಎರಡು ಸಲ ಯೋಚಿಸಬೇಕು. ದಿನವಿಡೀ ಎಲ್ಲರೆದುರು ತಲೆ ತಗ್ಗಿಸಿದವನಿಗೆ ತಲೆ ಎತ್ತಲು ಉಳಿದ ಒಂದೇ ಜಾಗ ಮನೆ. ಅಲ್ಲಿ ಅವನು ನವಾಬ. ನಿಜಾಮನ ಆಳ್ವಿಕೆ 1948ರ ಸೆಪ್ಟೆಂಬರಿಗೆ ಮುಗಿಯಿತು, ಮನೆಯೊಳಗಿನ ಆಳ್ವಿಕೆ ಮುಗಿಯಬಾರದೆಂಬುದು ಅವನ ಹಟ. ಆದರೆ ಅವನ ಮರ್ಯಾದೆ ಕಸಿದುಕೊಂಡವರು ಸಾವ್ಕಾರ, ಮೇಸ್ತ್ರಿ, ಕಚೇರಿಯ ಗುಮಾಸ್ತ. ಸೇಡು ಮಾತ್ರ ಒಲೆಯ ಮುಂದೆ ಕೂತವಳ ಮೇಲೆ. ಇದು ಯಾವ ನ್ಯಾಯ?

ನಮ್ಮ ಮೊಹಲ್ಲಾಗಳಲ್ಲಿ ಈ ಹೆದರಿಕೆ ದೀನಿನ ಶೇರ್ವಾನಿ ತೊಟ್ಟು ಬರುತ್ತದೆ. ಗಂಡು ‘ಖವ್ವಾಮ್’ ಎಂದು ಸೂರಾ ನಿಸಾದ 34ನೆಯ ಆಯತ್ತನ್ನು ಹೇಳದ ಗಂಡಸಿಲ್ಲ. ಅದೇ ಆಯತ್ತು ಅದಕ್ಕೆ ಕೊಡುವ ಕಾರಣಗಳಲ್ಲಿ ಅವನು ತನ್ನ ಸಂಪತ್ತನ್ನು ಖರ್ಚು ಮಾಡುವುದೂ ಒಂದು ಎಂಬುದು ಬಾಯಿಗೆ ಬರುವುದಿಲ್ಲ. ಎರಡು ಆಯತ್ತು ಹಿಂದೆ, 32ರಲ್ಲಿ, ಗಂಡು ದುಡಿದದ್ದರಲ್ಲಿ ಗಂಡಿಗೂ ಹೆಣ್ಣು ದುಡಿದದ್ದರಲ್ಲಿ ಹೆಣ್ಣಿಗೂ ಪಾಲಿದೆ ಎಂಬ ಮಾತಿದೆ. ಹೆಂಡತಿಯ ಪಾಸ್‌ಬುಕ್ಕನ್ನು ತನ್ನ ಜೇಬಿನಲ್ಲಿಟ್ಟುಕೊಂಡು ತಿರುಗುವವನು ಅದನ್ನು ಯಾವ ದಿನ ಓದುತ್ತಾನೆ?

ಮಹರಿನ ಕಥೆ ಇನ್ನೂ ಸ್ವಾರಸ್ಯದ್ದು. ಉರ್ದುವಿನಲ್ಲಿ ‘ಮುಅಜ್ಜಲ್’ ಎಂಬ ಉಚ್ಚಾರದ ಎರಡು ಶಬ್ದಗಳಿವೆ. ಐನ್ ಅಕ್ಷರದಿಂದ ಬರೆದರೆ ತಕ್ಷಣ ಕೊಡತಕ್ಕದ್ದು, ಹಮ್ಜಾದಿಂದ ಬರೆದರೆ ಮುಂದೆಂದೋ ಕೊಡತಕ್ಕದ್ದು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ನಮ್ಮ ಮದುವೆಗಳಲ್ಲಂತೂ ಐನ್ ಎಂದೋ ಅಳಿಸಿಹೋಗಿ ಹಮ್ಜಾ ಒಂದೇ ಉಳಿದಿದೆ. ‘ಮುಂದೆಂದೋ’ ಎಂಬ ದಿನ ಬರುವುದು ಗಂಡನ ಜನಾಜಾ ಎದ್ದಾಗ. ಆಗ ನಾಲ್ಕು ಮಂದಿ ಹಿರಿಯ ಹೆಂಗಸರು ವಿಧವೆಯ ಸುತ್ತ ಕೂತು ‘ಮಹರ್ ಮಾಫ್ ಮಾಡಿಬಿಡವ್ವಾ’ ಎನ್ನುತ್ತಾರೆ. ಅತ್ತು ದನಿ ಕಟ್ಟಿದವಳು ತಲೆಯಾಡಿಸುತ್ತಾಳೆ. ಮೂವತ್ತು ವರ್ಷದ ಸಾಲ ಅರ್ಧ ನಿಮಿಷದಲ್ಲಿ ಚುಕ್ತಾ. ಶರೀಅತ್ತಿನಲ್ಲಿ ಹೆಸರೇ ಇಲ್ಲದ ಜೋಡೆಯ ರಕಮನ್ನು ಮಾತ್ರ ನಿಕಾಹ್‌ಗೆ ಮೊದಲೇ, ನಗದಾಗಿಯೇ, ಎಣಿಸಿಕೊಂಡಿರುತ್ತೇವೆ.

ಇನ್ನು ಹೊಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಗೆ ಬಂದ ಮೇಲೆ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗಕ್ಕೆ ಹರಿದ ಮೇಲೆ ಒಣ ಎರೆಹೊಲದ ಬೆಲೆಯೇ ಬೇರೆಯಾಯಿತು. ಬೆಲೆ ಏರಿದಂತೆ ಅಕ್ಕತಂಗಿಯರ ಮೇಲಿನ ಪ್ರೀತಿಯೂ ಏರಿತು. ತಂದೆ ತೀರಿದ ಕೆಲವು ತಿಂಗಳಿಗೆ ಅವರಿಗೆ ಕರೆ ಬರುತ್ತದೆ. ಬಿರಿಯಾನಿ, ಹೊಸ ಸೀರೆ, ಬರುವಾಗ ಆಟೊ, ಹೋಗುವಾಗ ಆಟೊ. ನಡುವೆ ಒಂದು ತಾಸು ಸಬ್ ರಿಜಿಸ್ಟ್ರಾರ್ ಕಚೇರಿ. ಹಕ್ಕು ಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು. ‘ಹಿಸ್ಸಾ ಕೇಳಿದರೆ ತವರುಮನಿ ಬಾಗಿಲು ಮುಚ್ಚಿತಂತ ತಿಳಿ’ ಎಂಬ ಮಾತನ್ನು ಯಾರೂ ಜೋರಾಗಿ ಹೇಳಬೇಕಿಲ್ಲ, ಆಕೆಗೆ ಅದು ಹುಟ್ಟಿದಂದಿನಿಂದ ಗೊತ್ತು. ನಿಸಾದ 11ನೆಯ ಆಯತ್ತು ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು ಎನ್ನುತ್ತದೆ. ಆ ಅರ್ಧ ಸಾಲದು ಎಂದು ಜಗಳವಾಡುವ ಹೆಣ್ಣುಮಗಳು ನಮ್ಮಲ್ಲಿ ಇನ್ನೂ ಎದ್ದಿಲ್ಲ. ಇರುವ ಅರ್ಧವೇ ಕೈಗೆ ಬಂದಿಲ್ಲ. ನಮ್ಮ ಹಿಂದೂ ಸೋದರರು ಇಲ್ಲಿ ಮುಗುಳ್ನಗಬೇಕಾಗಿಲ್ಲ. ಮಗಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೂ ಕೇಂದ್ರ 2005ರಲ್ಲೂ ಕಾನೂನು ತಿದ್ದಿದವು. ಅದೇ ಕಚೇರಿಯ ಅದೇ ಬೆಂಚಿನ ಮೇಲೆ ಅವರ ಅಕ್ಕತಂಗಿಯರೂ ಹೊಸ ಸೀರೆ ಉಟ್ಟು ಕೂತಿರುತ್ತಾರೆ.

‘ಇದೆಲ್ಲ ಹೊರಗಿನವರಿಗೆ ಕೋಲು ಕೊಟ್ಟಂತೆ, ಈ ಹೊತ್ತಿನಲ್ಲಿ ಬೇಕಿತ್ತೇ’ ಎಂಬ ಆಕ್ಷೇಪ ನಮಗೆ ಗೊತ್ತಿದೆ. ಅದರಲ್ಲಿ ಹುರುಳಿಲ್ಲವೆನ್ನಲಾರೆವು. ತಲಾಖಿನ ಹೆಸರಿನಲ್ಲಿ ಮುಸ್ಲಿಮ್ ಹೆಣ್ಣಿಗಾಗಿ ಗಂಟಲು ಹರಿದುಕೊಂಡವರೇ 2022ರಲ್ಲಿ ಹಿಜಾಬ್ ತೊಟ್ಟ ಹುಡುಗಿಯರನ್ನು ಕಾಲೇಜಿನ ಗೇಟಿನಲ್ಲಿ ತಡೆದಾಗ ಚಪ್ಪಾಳೆ ತಟ್ಟಿದರು. ಆ ಕಪಟವನ್ನು ನಾವು ಮರೆತಿಲ್ಲ. ಆದರೆ ಆಗ ಗೇಟಿನ ಹೊರಗೆ ನಿಂತ ಹುಡುಗಿಯರು ಕೇಳಿದ್ದು ತರಗತಿಯನ್ನು. ಅವರ ಪರವಾಗಿ ಬೀದಿಗಿಳಿದ ನಮ್ಮ ಗಂಡಸರಲ್ಲಿ ಎಷ್ಟು ಜನ ಮನೆಗೆ ಹೋಗಿ, ಹತ್ತನೆಯ ಕ್ಲಾಸಿಗೆ ಓದು ಬಿಡಿಸಿದ ತಮ್ಮ ಮಗಳನ್ನು ಮತ್ತೆ ಕಾಲೇಜಿಗೆ ಸೇರಿಸಿದರು? ಹಕ್ಕು ಗೇಟಿನ ಆಚೆ ಬೇಕು, ಹೊಸ್ತಿಲಿನ ಒಳಗೆ ಬೇಡ ಎಂದರೆ ಹೊರಗಿನವರ ಕೋಲನ್ನು ಹದ ಮಾಡಿ ಕೊಡುವವರು ನಾವೇ.

ಇದು ಪಶ್ಚಿಮದಿಂದ ಬಂದ ರೋಗ ಎನ್ನುವವರಿಗೆ ಮೌಲ್ವಿ ಸಯ್ಯದ್ ಮುಮ್ತಾಜ್ ಅಲಿಯವರ ಹೆಸರು ಗೊತ್ತಿರಲಿಕ್ಕಿಲ್ಲ. ದೇವಬಂದಿನಲ್ಲಿ ಓದಿದ ಆಲಿಮ್. ಕುರ್‌ಆನಿನ ಆಧಾರದಲ್ಲೇ ಹೆಂಗಸರ ಹಕ್ಕುಗಳ ಬಗ್ಗೆ ‘ಹುಖೂಕೆ ನಿಸ್ವಾನ್’ ಬರೆದರು. 1898ರಲ್ಲಿ ಲಾಹೋರಿನಿಂದ ‘ತಹಜೀಬೆ ನಿಸ್ವಾನ್’ ಪತ್ರಿಕೆ ತೆಗೆದರು, ಸಂಪಾದಿಸಿದವರು ಅವರ ಪತ್ನಿ ಮುಹಮ್ಮದಿ ಬೇಗಂ. ಷರೀಫರ ಮನೆಗಳಿಗೆ ಅಂಚೆಯಲ್ಲಿ ಕಳಿಸಿದ ಪ್ರತಿಗಳು ಹೊಲಸು ಬೈಗಳನ್ನು ಬರೆಸಿಕೊಂಡು ವಾಪಸು ಬಂದವು. ಆಧುನಿಕ ಶಿಕ್ಷಣದ ಪಿತಾಮಹ ಸರ್ ಸಯ್ಯದರೇ ಆ ಪುಸ್ತಕವನ್ನು ಸಹಿಸಲಿಲ್ಲ.

ನಮ್ಮ ಕನ್ನಡದಲ್ಲಿ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ ಬಂದ ಬೈಗಳಿಗೂ ಲಾಹೋರಿನ ಬೈಗಳಿಗೂ ಹೆಚ್ಚು ಅಂತರವಿರಲಿಲ್ಲ. 2000ದಲ್ಲಿ, ಹೆಂಗಸರಿಗೂ ಮಸೀದಿಯ ಪ್ರವೇಶ ಬೇಕೆಂದ ಬಾನು ಮುಷ್ತಾಕರ ಕುಟುಂಬಕ್ಕೆ 3 ತಿಂಗಳ ಬಹಿಷ್ಕಾರ ಹಾಕಲಾಯಿತು. ಪ್ರವಾದಿಯವರ ಮಸೀದಿಯಲ್ಲಿ ಹೆಂಗಸರು ನಮಾಜು ಮಾಡುತ್ತಿದ್ದರೆಂಬುದು ಬಹಿಷ್ಕಾರ ಹಾಕಿದವರಿಗೆ ತಿಳಿಯದ ಸಂಗತಿಯಲ್ಲ. ಅದೇ ಬಾನು ಅವರಿಗೆ 2025ರ ಮೇ ತಿಂಗಳಲ್ಲಿ ‘ಹಾರ್ಟ್ ಲ್ಯಾಂಪ್’ಗಾಗಿ ಅಂತರರಾಷ್ಟ್ರೀಯ ಬೂಕರ್ ಬಂತು. ನಮ್ಮವರ ಹೆಮ್ಮೆ ಉಕ್ಕಿ ಹರಿಯಿತು, ಬಹಿಷ್ಕಾರದ ಸುದ್ದಿ ಎತ್ತುವವರು ಕಡಿಮೆ. ಸೆಪ್ಟೆಂಬರಿನಲ್ಲಿ ಅವರು ಮೈಸೂರು ದಸರಾ ಉದ್ಘಾಟಿಸಬಾರದೆಂದು ಇನ್ನೊಂದು ಧರ್ಮದ ಕಾವಲುಗಾರರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಬರಿಗೈಯಲ್ಲಿ ಬಂದರು. ಇಪ್ಪತ್ತೈದು ವರ್ಷದಲ್ಲಿ ಒಬ್ಬ ಹೆಂಗಸಿಗೆ ಎರಡು ಬಾಗಿಲು ಅಡ್ಡ ಬಂದವು. ಅಗುಳಿ ಹಾಕಿದ ಕೈಗಳು ಒಂದನ್ನೊಂದು ದ್ವೇಷಿಸುತ್ತವೆ, ಅಗುಳಿ ಮಾತ್ರ ಒಂದೇ ಕಮ್ಮಾರನದು.

ಜುಮಾದ ಖುತ್ಬಾದಲ್ಲಿ ಹೆಣ್ಣಿನ ಉಡುಪಿನ ಬಗ್ಗೆ, ಮೊಬೈಲಿನ ಬಗ್ಗೆ, ಪೇಟೆ ತಿರುಗುವುದರ ಬಗ್ಗೆ ನಾವು ಕೇಳಿದ ಬಯಾನುಗಳಿಗೆ ಲೆಕ್ಕವಿಲ್ಲ. ಅಕ್ಕತಂಗಿಯರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದವನು ಮೊದಲ ಸಫ್ಫಿನಲ್ಲಿ ಕೂತಿರುವಾಗ 11ನೆಯ ಆಯತ್ತಿನ ಬಗ್ಗೆ ಆದ ಬಯಾನು ಎಷ್ಟು? ರಂಜಾನಿನಲ್ಲಿ ಜಕಾತಿನ ಲೆಕ್ಕ ಹಾಕುವ ಬಗೆಯನ್ನು ಕರಪತ್ರ ಮಾಡಿ ಹಂಚುವ ನಮ್ಮ ಜಮಾಅತ್ತುಗಳಿಗೆ ಮಗಳ, ಹೆಂಡತಿಯ, ತಾಯಿಯ ಪಾಲಿನ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಸೆಹರಿ ಇಫ್ತಾರಿನ ವೇಳಾಪಟ್ಟಿ ಅಂಟಿಸುವ ಹಲಗೆಯಲ್ಲಿ ಅದಕ್ಕೆ ಜಾಗವಿದೆ. ರಾಯಚೂರಿನಲ್ಲೂ ಇದೆ, ಮಾನ್ವಿಯಲ್ಲೂ ಇದೆ, ದೇವದುರ್ಗದಲ್ಲೂ ಇದೆ. ಯಾವ ಮುತವಲ್ಲಿ ಸಾಹೇಬರು ಮೊದಲು ಅಂಟಿಸುತ್ತಾರೆ?