ನೀರು ಕುಡಿದದ್ದು ಭಾಷೆಯಲ್ಲ, ಲೆಕ್ಕವಿಲ್ಲದ ಲಾವಣಿ

ಕಾಲುವೆಯ ಕೊನೆ ಹೊಲಕ್ಕೆ ನೀರು ಬರದಿದ್ದರೆ ಶಹಾಪುರ, ಸುರಪುರ ಕಡೆ ಮೊದಲು ಕೇಳುವ ಮಾತು ಒಂದೇ: "ಕ್ಯಾಂಪಿನವರು ಎಲ್ಲಾ ಎಳ್ಕೊಂಡ್ರು." ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧ ನಮ್ಮ ಪಹಣಿಯಲ್ಲಿದೆ.

ಕೃಷ್ಣಾ, ಗೋದಾವರಿ ಮುಖಜ ಭೂಮಿಯ ತೆಲುಗು ರೈತರು ಮೊದಲು ಬಂದದ್ದು ತುಂಗಭದ್ರಾ ಕಾಲುವೆ ಹಿಡಿದು ಸಿಂಧನೂರು, ಗಂಗಾವತಿಗೆ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ನಮ್ಮ ಕಡೆಗೂ ಬಂದರು. ಏರು-ತಗ್ಗಿನ ಹೊಲ ಸಮ ಮಾಡಿದರು, ಬದು ಹಾಕಿದರು, ಭತ್ತ ನಾಟಿ ಮಾಡಿದರು. ಅದನ್ನು ನೋಡಿ ನಮ್ಮವರೂ ಭತ್ತ ಕಲಿತರು. ಇವತ್ತು ಗದ್ದೆ ಬರೀ ಕ್ಯಾಂಪಿನಲ್ಲಿಲ್ಲ, ನಮ್ಮೂರಿನಲ್ಲೂ ಇದೆ.

ಆದರೆ ಕೃಷ್ಣಾ ಮೇಲ್ದಂಡೆ ಯೋಜನೆ ಭತ್ತಕ್ಕೆ ಮಾಡಿದ್ದಲ್ಲ. ಜೋಳ, ಶೇಂಗಾ, ತೊಗರಿ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳ ಲೆಕ್ಕದಲ್ಲಿ ಕಾಲುವೆ ಅಳತೆ ಮಾಡಿದ್ದಾರೆ. ಮೇಲೆ ಗದ್ದೆ ತುಂಬಿ ನಿಂತರೆ ಕೆಳಗೆ ಮೆಣಸಿನಕಾಯಿ ಒಣಗುವುದು ಖಂಡಿತ. ಮೇಲಿನವನ ಎರೆ ಹೊಲಕ್ಕೂ ಲಾಭ ಇಲ್ಲ. ನೀರು ನಿಂತು ನಿಂತು ಜವಳು ಹಿಡಿಯುತ್ತದೆ, ಸವಳು ಮೇಲೇಳುತ್ತದೆ. ಗೇಟಿಗೆ ಮಾತ್ರ ಭಾಷೆ ಗೊತ್ತಿಲ್ಲ. ಅದನ್ನು ಯಾರು ಎತ್ತಿದರೂ ನೀರು ಹೋಗುತ್ತದೆ.

ಇನ್ನೊಂದು ಮಾತು. ಆ ಗದ್ದೆಗಳಲ್ಲಿ ಎಷ್ಟೋ ನಮ್ಮವರದೇ. ಹೊಲ ಲಾವಣಿಗೆ ಕೊಟ್ಟು, ರೊಕ್ಕ ಎಣಿಸಿಕೊಂಡು, ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗುತ್ತೇವೆ. ಮುಂಗಡ ಲಾವಣಿ ಕೊಟ್ಟವನು ಆ ರೊಕ್ಕ ವಾಪಸ್ ಬರುವ ಬೆಳೆಯನ್ನೇ ಹಾಕುತ್ತಾನೆ. ಮಣ್ಣು ಕೆಟ್ಟರೆ ಅವನು ಬೇರೆ ಹೊಲ ನೋಡುತ್ತಾನೆ. ಹೊಲ ನಮ್ಮದೇ ಉಳಿಯುತ್ತದೆ, ಕೆಟ್ಟದ್ದೂ ನಮಗೇ.

1974ರ ಭೂ ಸುಧಾರಣೆ ತಿದ್ದುಪಡಿ ಬಳಿಕ ಸೈನಿಕರಂಥ ಕೆಲವರನ್ನು ಬಿಟ್ಟು ಉಳಿದವರು ಹೊಲ ಲಾವಣಿಗೆ ಕೊಡುವಂತಿಲ್ಲ. ಆದ್ದರಿಂದ ಎಲ್ಲವೂ ಬಾಯಿ ಮಾತು. ಆಲಿಕಲ್ಲು ಮಳೆಗೆ ಭತ್ತ ಮಲಗಿದರೆ ಪರಿಹಾರ ಪಹಣಿ ಇದ್ದವರ ಖಾತೆಗೆ, ಸಾಲ ಬಿತ್ತಿದವನ ತಲೆಗೆ. ಈ ಕಷ್ಟ ತೆಲುಗಿನವರಿಗಷ್ಟೇ ಅಲ್ಲ, ತುಂಡು ಹೊಲ ಲಾವಣಿ ಹಿಡಿದ ನಮ್ಮೂರ ದಲಿತ, ಕುರುಬ, ಬೇಡರ ಮನೆಗಳಿಗೂ ಇದೆ.

ಆಂಧ್ರದಲ್ಲಿ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ಬಂತು. 11 ತಿಂಗಳ ಕರಾರು, ಬಿತ್ತಿದವನಿಗೆ ಕಾರ್ಡು, ಮಾಲೀಕನ ಹಕ್ಕಿಗೆ ಧಕ್ಕೆ ಇಲ್ಲ. ಮಾಲೀಕರು ಸಹಿ ಹಾಕಲು ಹಿಂಜರಿದಿದ್ದರಿಂದ ಅದೂ ಪೂರ್ತಿ ಫಲಿಸಿಲ್ಲ. ಆದರೂ ದಾರಿ ಅದೇ. ನಮ್ಮಲ್ಲೂ ಇಂಥ ಕರಾರು ಬರಲಿ, ಅದರಲ್ಲಿ ಯಾವ ಬೆಳೆ ಎಂಬುದನ್ನೂ ಬರೆಯಲಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲೇ ಇರುವ ಕೆಲಸ ಎರಡು. ನೀರು ಬಳಕೆದಾರರ ಸಂಘದ ಸಭೆಗೆ ಕಾಲುವೆಯ ಮೇಲಿನವರು, ಕೆಳಗಿನವರು, ಕ್ಯಾಂಪಿನವರು ಒಟ್ಟಿಗೆ ಕೂಡಬೇಕು. ಯಾವ ಗೇಟು ಯಾವ ದಿನ ಚಾಲೂ, ಯಾವ ದಿನ ಬಂದ್ ಎಂದು ಪಂಚಾಯಿತಿ ಗೋಡೆಗೆ ಬರೆಸಬೇಕು. ಹಾಗೆ ಬರೆದರೆ ನೀರು ಕದ್ದವನು ಯಾರು ಎಂದು ಭಾಷೆ ಕೇಳದೆಯೇ ಗೊತ್ತಾಗುತ್ತದೆ.

ಕ್ಯಾಂಪಿನಲ್ಲಿ ಹುಟ್ಟಿದ ಮಕ್ಕಳು ಇಲ್ಲಿನ ಸಾಲಿಯಲ್ಲೇ ಕನ್ನಡ ಕಲಿತು ಬೆಳೆದಿದ್ದಾರೆ. ಅವರನ್ನು ಹೊರಗಿನವರು ಎಂದು ಬೈದರೆ ಕೊನೆ ಹೊಲಕ್ಕೆ ಒಂದು ಹನಿಯೂ ಹೆಚ್ಚು ಬರುವುದಿಲ್ಲ.